ಅಟ್ಟದ ಟ್ರಂಕು, ಗುಜರಿಯ ಕ್ಯಾಮೆರಾ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹಳೆ ಫೋಟೊ, ಹಳೆ ಕ್ಯಾಮೆರಾ ಕೂಡಿಸುವ ಹವ್ಯಾಸದ ಬಗ್ಗೆ ಏನಾದರೂ ಕೇಳೋದಿದ್ದರೆ ಬರೆಯಿರಿ ಅಂದಿದ್ದೆವು. ಮೈಸೂರು, ಮಂಡ್ಯ ಕಡೆಯಿಂದಲೇ ಜಾಸ್ತಿ ಪತ್ರ ಬಂದಿವೆ. ಅರ್ಧಕ್ಕರ್ಧ ಜನ ಕೇಳಿರೋದು ಒಂದೇ: "ಇದಕ್ಕೆ ಎಷ್ಟು ದುಡ್ಡು ಬರುತ್ತೆ?" ಅದಕ್ಕೂ ಉತ್ತರ ಇದೆ, ಆದರೆ ಅದು ಮೊದಲನೇದಲ್ಲ.

ಮನೆ ರಿಪೇರಿ ಮಾಡಿಸುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದು ಕಂತೆ ಫೋಟೊ ಸಿಕ್ಕಿತು. ಕೆಲವು ದಪ್ಪ ರಟ್ಟಿಗೆ ಅಂಟಿಸಿದವು, ಕೆಲವು ಬಿಡಿ. ಹೆಸರಿಲ್ಲ, ತಾರೀಖಿಲ್ಲ. ಯಾವ ಕಾಲದವು ಅಂತ ಪತ್ತೆ ಮಾಡೋದು ಹೇಗೆ ಸರ್?
– ಮದ್ದೂರಿನಿಂದ ಒಬ್ಬ ಓದುಗರು

ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರಿದ್ದಾರೋ ಅವರ ಹತ್ತಿರ ಮೊದಲು ಹೋಗಿ. ಅಜ್ಜಿಯೋ ದೊಡ್ಡಪ್ಪನೋ ಸೋದರತ್ತೆಯೋ, ಯಾರಾದರೂ ಸರಿ. ಫೋಟೊ ಶುಚಿ ಮಾಡೋದು, ಸ್ಕ್ಯಾನ್ ಮಾಡೋದು ಎಲ್ಲ ಆಮೇಲೆ ಇದ್ದೇ ಇರುತ್ತೆ, ಹಿರಿಯರು ಇರಲ್ಲ. ಬೆಳಕು ಚೆನ್ನಾಗಿರೋ ಕಡೆ ಕೂರಿಸಿ, ಮೊಬೈಲಲ್ಲಿ ರೆಕಾರ್ಡಿಂಗ್ ಹಾಕಿ, ಒಂದೊಂದೇ ಫೋಟೊ ಕೈಗೆ ಕೊಡಿ. "ಇವರು ಯಾರು?" ಅಂತ ನೇರವಾಗಿ ಕೇಳಿದರೆ "ಗೊತ್ತಿಲ್ಲ ಕಣಪ್ಪ" ಅನ್ನೋರು, "ಈ ಕೂಸು ಯಾರದು? ಈ ಮನೆ ಯಾವ ಬೀದೀಲಿತ್ತು? ಈ ಅಡ್ಡಿಕೆ ಯಾರ ಕೊರಳಲ್ಲಿತ್ತು?" ಅಂದರೆ ಗಂಟೆಗಟ್ಟಲೆ ಮಾತಾಡ್ತಾರೆ. ಒಡವೆ ನೆನಪಿರುವಷ್ಟು ಚೆನ್ನಾಗಿ ಮುಖ ನೆನಪಿರಲ್ಲ, ಇದು ಎಲ್ಲಾ ಮನೆಯ ಕಥೆ.

ಆಮೇಲೆ ಫೋಟೊ ತಿರುಗಿಸಿ ಹಿಂಬದಿ ನೋಡಿ. ಮುಂದಿನ ಮುಖಕ್ಕಿಂತ ಹಿಂದಿನ ಮುಖವೇ ಎಷ್ಟೋ ಸಲ ಜಾಸ್ತಿ ಮಾತಾಡುತ್ತೆ. ಸ್ಟುಡಿಯೊ ಮೊಹರು ಇದೆಯಾ? ವಿಳಾಸದಲ್ಲಿ "ಮೈಸೂರು ಸ್ಟೇಟ್" ಅಂತಿದ್ದರೆ ಸಾಮಾನ್ಯವಾಗಿ ಅದು 1973ರ ನವೆಂಬರ್ 1ಕ್ಕೆ ಮುಂಚಿನದು, ಕರ್ನಾಟಕ ಅಂತ ಹೆಸರಾಗಿದ್ದು ಅವತ್ತು. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ನಿಮ್ಮ ಕಡೆಯವರಿಗೆ ಇನ್ನೊಂದು ಗುರುತಿದೆ: ಮಂಡ್ಯ ಪ್ರತ್ಯೇಕ ಜಿಲ್ಲೆ ಆಗಿದ್ದು 1939ರಲ್ಲಿ. ಮೊಹರಿನಲ್ಲಿ "ಮಂಡ್ಯ, ಮೈಸೂರು ಜಿಲ್ಲೆ" ಅಂತ ಕಂಡರೆ ಅದಕ್ಕೂ ಹಿಂದಿನದು ಅನ್ನೋ ಸಾಧ್ಯತೆ ಬಲವಾಗಿದೆ. ಒಂದು ಎಚ್ಚರಿಕೆ ಮಾತ್ರ: ಸ್ಟುಡಿಯೊದವರು ಹಳೆ ಮೊಹರನ್ನು ಸವೆಯೋವರೆಗೂ ಬಳಸ್ತಿದ್ದರು, ಹೊಸದು ಮಾಡಿಸೋಕೆ ದುಡ್ಡು ಯಾಕೆ ಅಂತ. ಹಾಗಾಗಿ ಎರಡು ಮೂರು ವರ್ಷ ಆಚೀಚೆ ಇಟ್ಟುಕೊಳ್ಳಿ.

ಕಾಗದವೂ ಹೇಳುತ್ತೆ. ಬಹಳ ತೆಳ್ಳಗಿನ ಕಾಗದ, ರಟ್ಟಿಗೆ ಪೂರ್ತಿ ಅಂಟಿಸಿದೆ, ಬಣ್ಣ ನೇರಳೆ ಬೆರೆತ ಕಂದು, ಬೆಳ್ಳಗಿರಬೇಕಾದ ಕಡೆ ಹಳದಿ ತಿರುಗಿದೆ ಅಂದರೆ ಅದು ಮೊಟ್ಟೆಯ ಬಿಳಿ ಸವರಿ ಮಾಡುತ್ತಿದ್ದ ಆಲ್ಬುಮೆನ್ ಕಾಗದ ಇರಬಹುದು. 1850ರಿಂದ 1890ರ ದಶಕದವರೆಗೆ ಅದರದ್ದೇ ಕಾರುಬಾರು. ಸುಮಾರು ಎರಡೂವರೆ ಇಂಚು ಅಗಲ, ನಾಲ್ಕು ಇಂಚು ಎತ್ತರದ ಪುಟ್ಟ ರಟ್ಟು ಆದರೆ ಕಾರ್ಟ್ ದ ವಿಸಿಟ್ ಅನ್ನೋ ಜಾತಿ, ಪ್ಯಾರಿಸ್‌ನ ಡಿಸ್ಡೆರಿ ಅನ್ನೋನು 1854ರಲ್ಲಿ ಪೇಟೆಂಟ್ ತಗೊಂಡಿದ್ದು. ಅದಕ್ಕಿಂತ ದೊಡ್ಡದು, ನಾಲ್ಕೂಕಾಲು ಆರೂವರೆ ಇಂಚಿನದು, ಕ್ಯಾಬಿನೆಟ್ ಕಾರ್ಡ್. ಇವು ಸಿಕ್ಕಿದ್ದರೆ ನಿಮ್ಮ ಅದೃಷ್ಟ. ಕಪ್ಪು ಬಿಳುಪು ಫೋಟೊದ ಗಾಢ ಭಾಗ ಓರೆಯಾಗಿ ಹಿಡಿದಾಗ ಕನ್ನಡಿ ಹಾಗೆ ನೀಲಿ ಮಿಂಚು ಹೊಡೀತಾ ಇದೆಯಾ? ಅದು ಚಿತ್ರ ಹಿಡಿದಿಡುವ ಅಂಟಿನಂಥ ಜೆಲಾಟಿನ್ ಪದರದಲ್ಲಿರುವ ಬೆಳ್ಳಿ ಮೇಲೆದ್ದು ಬಂದಿರೋದು, 1890ರ ದಶಕದಿಂದ ಈಚೆಗೆ ಹರಡಿದ ಬಗೆ. ಬಿಡಿ ಫೋಟೊದ ಹಿಂಬದಿ ಪ್ಲಾಸ್ಟಿಕ್ ಥರ ನುಣ್ಣಗಿದ್ದರೆ 1960ರ ದಶಕದ ಕೊನೆಯ ಈಚಿನದು.

ಹಿನ್ನೆಲೆಯಲ್ಲಿ ಊರು ಕಂಡರೆ ಇನ್ನೂ ಸುಲಭ. ಮೈಸೂರಿನ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆ ಸಮಯದಲ್ಲಿ ಸುಟ್ಟುಹೋಯಿತು, ಹೆನ್ರಿ ಇರ್ವಿನ್ ನಕ್ಷೆಯ ಈಗಿನ ಅರಮನೆ 1912ಕ್ಕೆ ಮುಗಿಯಿತು. ಯಾವ ಅರಮನೆ ಕಾಣ್ತಿದೆ ನೋಡಿದರೆ ಸಾಕು. ಮೈಸೂರಿನ ದೊಡ್ಡ ಗಡಿಯಾರದ ಗೋಪುರ ಇದ್ದರೆ 1927 ಅಥವಾ ಈಚೆ. ಕೆಆರ್‌ಎಸ್ ಕಟ್ಟೆ ಅರ್ಧ ಎದ್ದಿದೆಯಾ? ಕೆಲಸ ಶುರುವಾಗಿದ್ದು 1911ರಲ್ಲಿ, ಮುಗಿದಿದ್ದು 1930ರ ದಶಕದ ಆರಂಭದಲ್ಲಿ. ದಸರಾ ಫೋಟೊದಲ್ಲಿ ಅಂಬಾರಿ ಮೇಲೆ ಮಹಾರಾಜರೇ ಕೂತಿದ್ದರೆ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ರದ್ದಾದ 1971ಕ್ಕಿಂತ ಹಿಂದಿನದು.

ಉಡುಪು ನೋಡಿ ಕಾಲ ಹೇಳೋರು ಬಹಳ ಜನ, ಅವರ ಮಾತು ಪೂರ್ತಿ ನಂಬಬೇಡಿ. ಕೋಟು, ಪೇಟ, ಕೈಗಡಿಯಾರ, ಕೊನೆಗೆ ಪಕ್ಕದ ಮೇಜಿನ ಮೇಲಿನ ದಪ್ಪ ಪುಸ್ತಕ ಕೂಡ ಸ್ಟುಡಿಯೊದವರೇ ಕೊಡುತ್ತಿದ್ದರು. ಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದ ರೈತ ಫೋಟೊದಲ್ಲಿ ಅಮಲ್ದಾರರ ಹಾಗೆ ಕಾಣ್ತಾನೆ. ಪಾದ ನೋಡಿ, ಅಲ್ಲಿ ಚಪ್ಪಲಿ ಇಲ್ಲದಿದ್ದರೆ ಕೋಟು ಯಾರದು ಅಂತ ಊಹಿಸಬಹುದು.

ಗೊತ್ತಾಗಿದ್ದನ್ನೆಲ್ಲ ಬರೆದಿಡಿ. ಹಿಂಬದಿಯ ಅಂಚಿನಲ್ಲಿ, ಮೆತ್ತನೆ ಪೆನ್ಸಿಲಿನಿಂದ, ಒತ್ತದೆ. ಬಾಲ್‌ಪೆನ್ ಬೇಡ, ಒತ್ತಿದ ಗೀರು ಮುಂದಕ್ಕೆ ಮೂಡುತ್ತೆ, ಶಾಯಿ ಹರಡುತ್ತೆ. ಖಾತ್ರಿ ಇಲ್ಲದ ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ ಹಾಕಿ, ಯಾರು ಹೇಳಿದ್ದು ಅನ್ನೋದನ್ನೂ ಸೇರಿಸಿ. ಹೆಸರಿಲ್ಲದ ನೂರು ಫೋಟೊಗಿಂತ ಹೆಸರು, ಊರು, ವರ್ಷ ಇರೋ ಹತ್ತು ಫೋಟೊ ಇರೋದೇ ನನ್ನ ಪ್ರಕಾರ ಒಳ್ಳೆ ಸಂಗ್ರಹ. ಈ ಕೆಳಗಿನ ಉತ್ತರಗಳಲ್ಲೂ ಇದನ್ನೇ ಮತ್ತೆ ಮತ್ತೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ನಮ್ಮ ತಾತ–ಅಜ್ಜಿಯ ಮದುವೆ ಫೋಟೊ ಗೋಡೆ ಮೇಲಿತ್ತು. ಕಟ್ಟು ಬಿಚ್ಚೋಣ ಅಂತ ನೋಡಿದರೆ ಫೋಟೊ ಗಾಜಿಗೆ ಅಂಟಿಕೊಂಡಿದೆ. ಬಿಸಿ ನೀರಲ್ಲಿ ನೆನೆಸಿದರೆ ಬಿಡುತ್ತೆ ಅಂತ ಒಬ್ಬರು ಹೇಳಿದರು. ಮಾಡಲಾ?
– ಚಾಮುಂಡಿಪುರಂ, ಮೈಸೂರು

ಬೇಡಮ್ಮ, ಖಂಡಿತ ಬೇಡ. ಎಳೆಯಲೂ ಬೇಡಿ. ಮಳೆಗಾಲದ ತೇವ ಗೋಡೆಯಿಂದ ಒಳಗೆ ಇಳಿದು, ಫೋಟೊ ಮೇಲಿನ ಜೆಲಾಟಿನ್ ಪದರ ಮೆತ್ತಗಾಗಿ ಗಾಜನ್ನು ಕಚ್ಚಿಕೊಂಡಿದೆ. ಎಳೆದರೆ ಮುಖ ಗಾಜಿನ ಮೇಲೆ ಉಳಿಯುತ್ತೆ, ಕಾಗದ ನಿಮ್ಮ ಕೈಗೆ ಬರುತ್ತೆ. ಬಿಸಿ ನೀರು ಹಾಕಿದರೆ ಜೆಲಾಟಿನ್ನೇ ಕರಗಿಹೋಗಬಹುದು. ಮೇಲೆ ಬಣ್ಣ ಹಾಕಿದ ಫೋಟೊ ಆದರಂತೂ ಕಥೆ ಮುಗೀತು. ನಮ್ಮ ಕಡೆ ಮದುವೆ ಫೋಟೊಗೆ ಕೈಯಿಂದ ಬಣ್ಣ ಹಾಕಿಸೋದು ಮಾಮೂಲಾಗಿತ್ತಲ್ಲ, ಸೀರೆ ಅಂಚಿಗೆ, ತುಟಿಗೆ, ಒಡವೆಗೆ. ಆ ಬಣ್ಣ ನೀರಿಗೆ ನಿಲ್ಲುತ್ತೆ ಅಂತ ಯಾವ ನಂಬಿಕೆಯೂ ಇಲ್ಲ.

ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಗಾಜಿನ ಹೊರಮೈಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಮೇಲೆ ಬೋರಲು ಇಟ್ಟರೆ ಅಂಟಿಕೊಂಡ ಭಾಗ ಚೆನ್ನಾಗೇ ಬರುತ್ತೆ. ಅಂಟಿರೋದರಿಂದ ನಡುವೆ ಗಾಳಿ ಇಲ್ಲ, ಚಿತ್ರ ಇನ್ನೂ ಸ್ಪಷ್ಟ. ಆಮೇಲೆ ಅದನ್ನು ಗಾಜಿನ ಜೊತೆಗೇ ಒಣ ಜಾಗದಲ್ಲಿ ಎತ್ತಿಡಿ, ಗೋಡೆಗೆ ಹೊಸ ಪ್ರತಿ ಹಾಕಿ. ಬಿಡಿಸಲೇಬೇಕು ಅಂದರೆ ಅದು ಸಂರಕ್ಷಣೆ ಕಲಿತವರ ಕೆಲಸ.

ಮುಂದೆ ಯಾವುದಕ್ಕೇ ಕಟ್ಟು ಹಾಕಿಸಿದರೂ ಗಾಜಿಗೂ ಫೋಟೊಗೂ ನಡುವೆ ರಟ್ಟಿನ ಚೌಕಟ್ಟು ಇಡಿಸಿ, ಒಂದಿಷ್ಟು ಸಂದಿ ಇರಲಿ. ಹೊರಗೋಡೆಗೆ, ಅದರಲ್ಲೂ ಬಚ್ಚಲ ಮನೆ ಗೋಡೆಗೆ ನೇತುಹಾಕಬೇಡಿ. ದೇವರ ಮನೆಯ ದೀಪದ ಹೊಗೆಯೂ ಒಳ್ಳೇದಲ್ಲ.

ನಮ್ಮ ಮನೇಲಿ ಮಹಾರಾಜರ ಹಳೆ ಫೋಟೊ ಇದೆ, ಸಿಂಹಾಸನದ ಮೇಲೆ ಕೂತಿರೋದು. ಲಕ್ಷಗಟ್ಟಲೆ ಬರುತ್ತೆ ಅಂತಾರೆ. ನಿಜವಾ?
– ಶ್ರೀರಂಗಪಟ್ಟಣ

ಒಂದು ಭೂತಗನ್ನಡಿ ತಗೊಳ್ಳಿ. ಕೆನ್ನೆ ಅಥವಾ ಹಣೆ, ಅಂದರೆ ಬಣ್ಣ ನಿಧಾನಕ್ಕೆ ಗಾಢವಾಗುವ ಜಾಗ ನೋಡಿ. ಸಾಲುಸಾಲಾಗಿ, ಅಚ್ಚುಕಟ್ಟಾಗಿ ಜೋಡಿಸಿದ ಚುಕ್ಕೆಗಳು ಕಂಡರೆ ಅದು ಅಚ್ಚಿನ ಯಂತ್ರದಲ್ಲಿ ಮುದ್ರಿಸಿದ ಚಿತ್ರ. ಗಾಢ ಬಣ್ಣ ಇರೋ ಕಡೆ ಚುಕ್ಕೆ ದಪ್ಪ, ತೆಳು ಇರೋ ಕಡೆ ಸಣ್ಣ. ನಿಜವಾದ ಫೋಟೊದಲ್ಲಿ ಈ ಸಾಲು ಇರಲ್ಲ, ನೆರಳು ಬೆಳಕು ಎಲ್ಲೂ ಕಡಿಯದೆ ಹರಿದಿರುತ್ತೆ.

ಮೈಸೂರು ಸೀಮೆಯಲ್ಲಿ ಮಹಾರಾಜರ ಚಿತ್ರ ಇಲ್ಲದ ಮನೆ ಕಮ್ಮಿ. ಕ್ಯಾಲೆಂಡರಿಂದ ಕತ್ತರಿಸಿದ್ದು, ಪತ್ರಿಕೆ ವಿಶೇಷಾಂಕದ್ದು, ಅಂಗಡಿಯವರು ಹಂಚಿದ್ದು, ಎಲ್ಲಾ ಗಾಜಿನೊಳಗೆ ಕೂತು ಹಬ್ಬದ ದಿನ ಹೂ ಮುಡಿದಿರುತ್ತೆ. ಮನೆಗೆ ಅದರ ಬೆಲೆ ಬೇರೆ, ಪೇಟೆಯಲ್ಲಿ ಬೇರೆ. ಚುಕ್ಕೆ ಇಲ್ಲದಿದ್ದರೆ, ಹಿಂದೆ ಸ್ಟುಡಿಯೊ ಹೆಸರೋ ಸಹಿಯೋ ಇದ್ದರೆ, ಆಗ ಆತುರ ಪಡದೆ ತಿಳಿದವರ ಹತ್ತಿರ ಇಬ್ಬರು ಮೂವರಿಗೆ ತೋರಿಸಿ. ಲಕ್ಷ ಅಂತ ಹೇಳಿದವರನ್ನೇ "ನೀವೇ ತಗೋತೀರಾ?" ಅಂತ ಕೇಳಿ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಮಂಡ್ಯದ ಗುಜರಿ ಅಂಗಡಿಯಲ್ಲಿ ಆಗ್ಫಾ ಕ್ಲಿಕ್ 3 ಇದೆ, ನಾಲ್ಕು ಸಾವಿರ ಹೇಳ್ತಾನೆ. "ಜರ್ಮನಿ ಮಾಲು ಸಾರ್" ಅಂತಾನೆ. ಇದೇ ನನ್ನ ಮೊದಲ ಕ್ಯಾಮೆರಾ ಆಗುತ್ತೆ. ತಗೊಳ್ಲಾ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ

ಕ್ಯಾಮೆರಾ ತಿರುಗಿಸಿ, ಬರಹ ಓದಿ. ನಮ್ಮಲ್ಲಿ ಸಿಗೋ ಕ್ಲಿಕ್ 3 ಸಾಮಾನ್ಯವಾಗಿ ಬರೋಡದಲ್ಲಿ ತಯಾರಾದದ್ದು, ನ್ಯೂ ಇಂಡಿಯಾ ಇಂಡಸ್ಟ್ರೀಸ್ ಅನ್ನೋ ಕಂಪನಿ ಆಗ್ಫಾ ಹೆಸರಲ್ಲಿ ಮಾಡುತ್ತಿತ್ತು. ಒಂದು ಕಾಲಕ್ಕೆ ಮಧ್ಯಮ ವರ್ಗದವರ ಮನೆಯ ಕ್ಯಾಮೆರಾ ಅಂದರೆ ಇದೇ. ಮನೆಮನೆಯಲ್ಲಿ ಇದ್ದ ವಸ್ತು ಅಪರೂಪ ಆಗೋದು ಕಷ್ಟ, ಆದ್ದರಿಂದ ನಾಲ್ಕು ಸಾವಿರ ಜಾಸ್ತಿ. ಚೌಕಾಸಿ ಮಾಡಿ. ಇಳೀಲಿಲ್ಲ ಅಂದರೆ ಸುಮ್ನೆ ವಾಪಸ್ ಬನ್ನಿ, ಇನ್ನೊಂದು ಸಿಕ್ಕೇ ಸಿಗುತ್ತೆ.

ಆದರೆ ಮೊದಲ ಕ್ಯಾಮೆರಾ ಅಂತ ನೋಡಿದರೆ ಆಯ್ಕೆ ಚೆನ್ನಾಗಿದೆ. ಬ್ಯಾಟರಿ ಬೇಡ. 120 ಸೈಜಿನ ರೀಲು ಹಾಕುತ್ತೆ, ಒಂದು ರೀಲಿಗೆ ಹನ್ನೆರಡು ಚೌಕ ಫೋಟೊ. ಆ ರೀಲು ಇವತ್ತಿಗೂ ಹೊಸದಾಗಿ ತಯಾರಾಗ್ತಾ ಇದೆ, ಆನ್‌ಲೈನಲ್ಲಿ ಸಿಗುತ್ತೆ. ಇದು ಬಹಳ ಮುಖ್ಯವಾದ ವಿಷಯ, ಯಾಕೆಂದರೆ ಚಂದ ಕಂಡಿತು ಅಂತ ಕೊಡಾಕ್ ಬ್ರೌನಿ ಡಬ್ಬಿ ಕ್ಯಾಮೆರಾ ತಗೊಂಡು ಬಂದು, ಅದು 620 ರೀಲಿನದು ಅಂತ ಮನೇಲಿ ಗೊತ್ತಾಗಿ ತಲೆ ಚಚ್ಚಿಕೊಳ್ಳೋರು ಇದ್ದಾರೆ. ಕೊಡಾಕ್ 620 ರೀಲು ಮಾಡೋದು 1995ರಲ್ಲೇ ನಿಲ್ಲಿಸಿತು. ಫಿಲ್ಮಿನ ಅಗಲ 120ರದ್ದೇ, ಸುತ್ತುವ ಕಡ್ಡಿ ಮಾತ್ರ ಸಣ್ಣ. ಹಾಗಾಗಿ ಕತ್ತಲಲ್ಲಿ 120 ಫಿಲ್ಮನ್ನು ಹಳೆ 620 ಕಡ್ಡಿಗೆ ಸುತ್ತಿಕೊಂಡು ಬಳಸಬಹುದು. ಹೊಸಬರಿಗೆ ಆ ತಾಪತ್ರಯ ಯಾಕೆ?

ಅಂಗಡಿಯಲ್ಲೇ ಮಾಡಬೇಕಾದ ಪರೀಕ್ಷೆ ಹೇಳ್ತೀನಿ. ಹಿಂಬಾಗಿಲು ತೆಗೆದು ಲೆನ್ಸಿನ ಕಡೆ ನೋಡುತ್ತಾ ಗುಂಡಿ ಒತ್ತಿ, ಬೆಳಕು ಮಿಂಚಿ ಮುಚ್ಚಬೇಕು. ಹಿಂದಿನ ಪುಟ್ಟ ಕೆಂಪು ಕಿಟಕಿ ಹಾಗೇ ಇರಬೇಕು, ರೀಲಿನ ನಂಬರು ನೋಡಿ ಮುಂದಕ್ಕೆ ಸುತ್ತೋದು ಅದರಿಂದಲೇ. ಅದು ಬಿದ್ದುಹೋಗಿದ್ದರೆ ಬೆಳಕು ಒಳಗೆ ನುಗ್ಗುತ್ತೆ. ಬಾಗಿಲು ಗಟ್ಟಿಯಾಗಿ ಕೂರುತ್ತಾ ನೋಡಿ. ಒಳಗೆ ಖಾಲಿ ಕಡ್ಡಿ ಒಂದು ಇದ್ದರೆ ಅದನ್ನು ಬಿಡದೆ ಕೇಳಿ ತಗೊಳ್ಳಿ, ರೀಲು ಸುತ್ತಿಕೊಳ್ಳೋಕೆ ಅದು ಬೇಕೇ ಬೇಕು.

ಹಾಗೇ, "ಇದು ಯಾರ ಮನೆಯಿಂದ ಬಂತು?" ಅಂತ ಕೇಳಿ. ಯಾವ ಊರು, ಯಾವ ಥರದ ಮನೆ, ಜೊತೆಗೆ ಏನೇನಿತ್ತು. ಗುಜರಿಯವರಿಗೆ ಬಹಳ ಸಲ ನೆನಪಿರುತ್ತೆ, ಕೇಳೋರಿಲ್ಲ ಅಷ್ಟೆ. ಮನೆಗೆ ಬಂದು ಒಂದು ಚೀಟಿಯಲ್ಲಿ ಬರೆದು ಕ್ಯಾಮೆರಾ ಚೀಲದೊಳಗೆ ಇಡಿ.

ನಮ್ಮ ತಂದೆ ಸ್ಟುಡಿಯೊ ಇಟ್ಟಿದ್ದರು. ಅವರ ಯಾಶಿಕಾ ಎರಡು ಕಣ್ಣಿನ ಕ್ಯಾಮೆರಾ ಮತ್ತು ಗಾಜಿನ ನೆಗೆಟಿವ್ ತುಂಬಿದ ಮರದ ಪೆಟ್ಟಿಗೆ ಇದೆ. ಲೆನ್ಸಿನಲ್ಲಿ ಜೇಡರ ಬಲೆ ಥರ ಏನೋ ಕಾಣುತ್ತೆ. ಗಾಜುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದಾ? ತಮ್ಮ ಎಲ್ಲಾ ಕೊಟ್ಟುಬಿಡೋಣ ಅಂತಾನೆ.
– ನಜರ್‌ಬಾದ್, ಮೈಸೂರು

ನಿಮ್ಮ ಪತ್ರ ಓದಿ ಬಹಳ ಖುಷಿಯೂ ಆಯ್ತು, ಸ್ವಲ್ಪ ಗಾಬರಿಯೂ ಆಯ್ತು. ಒದ್ದೆ ಬಟ್ಟೆ ದಯವಿಟ್ಟು ದೂರ ಇಡಿ.

ಒಂದು ಗಾಜನ್ನು ಅಂಚಿನಲ್ಲಿ ಹಿಡಿದು ಕಿಟಕಿ ಬೆಳಕಿಗೆ ಓರೆಯಾಗಿ ಹಿಡೀರಿ. ಒಂದು ಮೈ ಹೊಳೆಯುತ್ತೆ, ಇನ್ನೊಂದು ಮಂಕಾಗಿರುತ್ತೆ. ಚಿತ್ರ ಇರೋದು ಮಂಕಾದ ಕಡೆ. ಈಗ ಮುಖದ ಭಾಗ ಹತ್ತಿರದಿಂದ ನೋಡಿ: ಕೆನ್ನೆ ಮೇಲೆ, ಕಣ್ಣಿನ ಕೆಳಗೆ, ಸಣ್ಣಸಣ್ಣ ಪೆನ್ಸಿಲ್ ಗೀರುಗಳು ಕಾಣಬಹುದು. ಅದು ಕೊಳೆ ಅಂದ್ಕೋಬೇಡಿ. ಅದು ರಿಟಚಿಂಗ್. ಸಿಡುಬಿನ ಕಲೆ, ಸುಕ್ಕು, ಕಣ್ಣಿನ ಕೆಳಗಿನ ಕಪ್ಪು ಇವನ್ನೆಲ್ಲ ಮರೆಸಲು ಗಾಜಿನ ಮೇಲೆ ಚೂಪು ಪೆನ್ಸಿಲಿನಲ್ಲಿ ಚುಕ್ಕೆ, ಗೀರು ಹಾಕುತ್ತಿದ್ದರು. ನೆಗೆಟಿವ್‌ನಲ್ಲಿ ಕಪ್ಪು ಮಾಡಿದ್ದು ಪ್ರಿಂಟಿನಲ್ಲಿ ಬೆಳ್ಳಗಾಗುತ್ತೆ. ಇವತ್ತು ಮೊಬೈಲ್ ಒಂದು ಬೆರಳಲ್ಲಿ ಮಾಡೋ ಕೆಲಸಕ್ಕೆ ಆಗ ಬೆಳಕಿನ ಡೆಸ್ಕಿನ ಮುಂದೆ ಗಂಟೆಗಟ್ಟಲೆ ಕೂರಬೇಕಿತ್ತು. ಕೆಲವು ಗಾಜಿನಲ್ಲಿ ಕೆಂಪು ಬಣ್ಣ ಬಳಿದಿರೋದೂ ಕಾಣಬಹುದು, ಅದು ಬೇಡದ ಭಾಗ ಮರೆಮಾಡಲು. ಒದ್ದೆ ಬಟ್ಟೆ ಆಡಿಸಿದರೆ ನಿಮ್ಮ ತಂದೆಯ ಕೈಕೆಲಸ ಮೊದಲು ಅಳಿಸುತ್ತೆ, ಆಮೇಲೆ ಚಿತ್ರವೇ ಕಿತ್ತು ಬರುತ್ತೆ. ಮೆತ್ತನೆ ಒಣ ಬ್ರಷ್ಷಿನಿಂದ ದೂಳು ತೆಗೆಯಿರಿ, ಅಷ್ಟು ಸಾಕು.

ಒಂದರ ಮೇಲೊಂದು ಪೇರಿಸಬೇಡಿ. ಮೇಲಿನ ಭಾರಕ್ಕೆ ಕೆಳಗಿನದು ಒಡೆಯುತ್ತೆ. ಒಂದೊಂದನ್ನೂ ಆಮ್ಲ ಇಲ್ಲದ ಕಾಗದದ ಲಕೋಟೆಯಲ್ಲಿ ಹಾಕಿ, ಉದ್ದನೆ ಅಂಚು ಕೆಳಗೆ ಬರೋ ಹಾಗೆ ನಿಲ್ಲಿಸಿಡಿ. ಹಳೆ ನ್ಯೂಸ್ ಪೇಪರ್ ಸುತ್ತೋದು ಬೇಡ. ಪ್ರತಿ ಮಾಡಿಕೊಳ್ಳೋಕೆ ದೊಡ್ಡ ಯಂತ್ರ ಬೇಕಿಲ್ಲ, ಎಲ್‌ಇಡಿ ಬೆಳಕಿನ ಮೇಲೆ ಹಾಲು ಬಣ್ಣದ ಅಕ್ರಿಲಿಕ್ ಹಾಳೆ ಇಟ್ಟು, ಅದರ ಮೇಲೆ ಗಾಜು ಇಟ್ಟು, ನೇರ ಮೇಲಿನಿಂದ ಫೋಟೊ ಹೊಡೆದು ಕಂಪ್ಯೂಟರಿನಲ್ಲಿ ಉಲ್ಟಾ ಮಾಡಿದರೆ ಆಯ್ತು.

ಪೆಟ್ಟಿಗೆಯಲ್ಲಿ ಫಿಲ್ಮ್ ನೆಗೆಟಿವ್ ಕೂಡ ಇದ್ದರೆ ಅಂಚಿನಲ್ಲಿ ಇಂಗ್ಲಿಷಿನಲ್ಲಿ "ಸೇಫ್ಟಿ" ಅಂತ ಇದೆಯಾ ನೋಡಿ. ಅದಿಲ್ಲದ ಬಹಳ ಹಳೆ ಫಿಲ್ಮು ನೈಟ್ರೇಟ್ ಇರಬಹುದು, ಬೇಗ ಬೆಂಕಿ ಹತ್ತುತ್ತೆ. ಅಂಥದ್ದನ್ನು ಬೇರೆ ಮಾಡಿ ತಂಪು ಜಾಗದಲ್ಲಿಡಿ. ವಿನೆಗರ್ ವಾಸನೆ ಬರೋ ಫಿಲ್ಮು ಕೆಡ್ತಾ ಇದೆ ಅಂತ ಅರ್ಥ, ಅದನ್ನು ಮೊದಲು ಪ್ರತಿ ಮಾಡಿ.

ಈಗ ಕ್ಯಾಮೆರಾ. ಜೇಡರ ಬಲೆ ಅಂದಿರಲ್ಲ, ಅದು ಬೂಷ್ಟು. ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿ ಇಟ್ಟರೆ ಬರದೇ ಇರಲ್ಲ, ಚರ್ಮ ತೇವ ಹಿಡಿದಿಡುತ್ತೆ. ಕ್ಯಾಮೆರಾ ಒಂದು ಕಡೆ, ಚೀಲ ಒಂದು ಕಡೆ ಇಡಿ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ, ಒಂದು ಪುಟ್ಟ ತೇವಮಾಪಕವೂ ಇರಲಿ, ಮುಳ್ಳು 40ರಿಂದ 50ರ ನಡುವೆ ನಿಂತರೆ ಒಳ್ಳೇದು. ನೀಲಿ ಸಿಲಿಕಾ ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದಿದೆ, ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಿ. ಅಡುಗೆ ಪಾತ್ರೆಯಲ್ಲಿ ಮಾತ್ರ ಬಿಸಿ ಮಾಡಬೇಡಿ. ಬೂಷ್ಟು ತೆಗೆಯೋದು ಲೆನ್ಸು ಬಿಚ್ಚಬಲ್ಲ ರಿಪೇರಿಯವರ ಕೆಲಸ. ಬಹಳ ದಿನ ಬಿಟ್ಟಿದ್ದರೆ ಗಾಜಿನ ಲೇಪವನ್ನೇ ತಿಂದಿರುತ್ತೆ, ಆಗ ಬೂಷ್ಟು ಹೋದರೂ ಗುರುತು ಉಳಿಯುತ್ತೆ. ರಿಪೇರಿಗೆ ಕೊಡೋವರೆಗೆ ಸೆಲ್ಫ್ ಟೈಮರ್ ಕಡ್ಡಿ ಮುಟ್ಟಬೇಡಿ, ಒಣಗಿದ ಎಣ್ಣೆಯಿಂದ ಅದು ಅರ್ಧಕ್ಕೆ ನಿಂತರೆ ಶಟರೂ ಅದರ ಜೊತೆ ಸಿಕ್ಕಿಕೊಳ್ಳುತ್ತೆ.

ಒಂದು ಪ್ರಶ್ನೆ ನಾನೇ ಕೇಳ್ತೀನಿ: ಸ್ಟುಡಿಯೊದ ರಿಜಿಸ್ಟರ್ ಎಲ್ಲಿದೆ? ನೆಗೆಟಿವ್ ನಂಬರು, ಹೆಸರು, ಊರು, ಅಡ್ವಾನ್ಸು ಎಷ್ಟು, ಬಾಕಿ ಎಷ್ಟು ಅಂತ ಬರೆದಿಡುವ ಉದ್ದನೆ ಪುಸ್ತಕ. ಆ ಪುಸ್ತಕ ಸಿಕ್ಕರೆ ನಿಮ್ಮ ಪೆಟ್ಟಿಗೆ ಒಂದು ಬಡಾವಣೆಯ ಚರಿತ್ರೆ ಆಗುತ್ತೆ. ಸಿಗದಿದ್ದರೆ ಅಪರಿಚಿತರ ಮುಖ ಅಷ್ಟೆ. ತಮ್ಮ ಕೊಟ್ಟುಬಿಡೋಣ ಅಂದರೆ ಕ್ಯಾಮೆರಾ ಬೇಕಾದರೆ ಕೊಡಲಿ, ಅಂಥದ್ದು ಇನ್ನೂ ಸಿಗುತ್ತೆ. ಗಾಜು ಮತ್ತು ರಿಜಿಸ್ಟರನ್ನು ಬೇರೆ ಬೇರೆ ಮಾಡಿ ಮಾತ್ರ ಮಾರಬೇಡಿ.

ಗುಜರಿಯಲ್ಲಿ ಸಿಕ್ಕ ಯಾರದೋ ಮನೆಯ ಆಲ್ಬಂ ಫೋಟೊಗಳನ್ನು ಫೇಸ್‌ಬುಕ್ಕಿಗೆ ಹಾಕಬಹುದಾ? ದುಡ್ಡು ಕೊಟ್ಟು ತಗೊಂಡಿದ್ದೀನಿ.
– ಪಾಂಡವಪುರ

ಕಾಗದ ನಿಮ್ಮದು, ಹಕ್ಕು ನಿಮ್ಮದಾಗಲ್ಲ. ಹಕ್ಕುಸ್ವಾಮ್ಯ ಕಾನೂನಿಗೆ 2012ರ ತಿದ್ದುಪಡಿ ಆದಮೇಲೆ ಫೋಟೊದ ಹಕ್ಕುಸ್ವಾಮ್ಯ ತೆಗೆದವರ ಆಯುಷ್ಯ, ಅದರ ಮೇಲೆ ಅರವತ್ತು ವರ್ಷ. ಬಹಳ ಹಳೆಯವು ಆ ವೇಳೆಗಾಗಲೇ ಹಕ್ಕು ಮುಗಿದು ಹೊರಗೆ ಬಂದಿವೆ, ಅವಕ್ಕೆ ತೊಂದರೆ ಇಲ್ಲ. ಕಾನೂನು ಅತ್ಲಾಗಿರಲಿ, ಬೀದಿ, ಜಾತ್ರೆ, ಸಂತೆ, ಕಟ್ಟಡ ಇರೋವನ್ನು ಧಾರಾಳವಾಗಿ ಹಾಕಿ, ಊರು ಗುರುತಿಸಲು ಜನ ಸಹಾಯ ಮಾಡ್ತಾರೆ. ಬಾಣಂತಿ, ಹೆಣದ ಪಕ್ಕ ಕೂತ ಮನೆಯವರು ಇಂಥವನ್ನು ಹಾಕಬೇಡಿ. ನಮ್ಮ ಮನೆಯದು ಆಗಿದ್ದರೆ ನಮಗೆ ಹೇಗನ್ನಿಸುತ್ತಿತ್ತು, ಅಲ್ವಾ? ಮನೆಯವರು ಯಾರಾದರೂ ಗುರುತಿಸಿ ಕೇಳಿದರೆ ಒಂದು ಒಳ್ಳೆ ಪ್ರತಿ ಮಾಡಿಸಿ ಕೊಡಿ. ಬದಲಿಗೆ ಹೆಸರುಗಳನ್ನು ಕೇಳಿ ಬರೆದುಕೊಳ್ಳಿ.

ಹಳೆ ಫೋಟೊ, ಕ್ಯಾಮೆರಾ ಚೆನ್ನಾಗಿ ನೋಡಿ ಕಲಿಯೋಕೆ ಎಲ್ಲಿಗೆ ಹೋಗಬೇಕು?
– ಕುವೆಂಪುನಗರ, ಮೈಸೂರು

ಹತ್ತಿರದಲ್ಲಿ ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ, 2023ರಲ್ಲಿ ಬಾಗಿಲು ತೆಗೆದಿದೆ. ಕ್ಯಾಮೆರಾಗಳ ಹುಚ್ಚು ಇದ್ದರೆ, ದೆಹಲಿ ಕಡೆ ಹೋದಾಗ ಗುರುಗ್ರಾಮದ ಮ್ಯೂಸಿಯೊ ಕ್ಯಾಮೆರಾ ನೋಡಿ. ಮನೇಲೇ ಕೂತು ನೋಡೋದಾದರೆ 1856ರಲ್ಲಿ ಗ್ರೀನ್‌ಲಾ ಅನ್ನೋ ಬ್ರಿಟಿಷರು ತೆಗೆದ ಹಂಪಿ, ಅದೇ ಹೊತ್ತಿಗೆ ಓಕ್ಲಿ ಅನ್ನೋ ಇನ್ನೊಬ್ಬ ಬ್ರಿಟಿಷರು ತೆಗೆದ ಹಳೇಬೀಡು ಇವನ್ನು ಹುಡುಕಿ. ಈಗಿನ ಹಳೇಬೀಡಿನ ಫೋಟೊ ಪಕ್ಕದಲ್ಲಿ ಇಟ್ಟು ಹೋಲಿಸುತ್ತಾ ಕೂತರೆ ಒಂದು ಭಾನುವಾರ ಹೋಗಿದ್ದೇ ಗೊತ್ತಾಗಲ್ಲ. ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಅವರ ಕಪ್ಪು ಬಿಳುಪು ಚಿತ್ರಗಳನ್ನು ಬಿಡಬೇಡಿ. ಶಾಲೆ ಮಕ್ಕಳು, ಕೂಲಿ ಮಾಡೋರು, ಬೀದಿ ಬದಿಯ ಜನ, ಇಂಥವರನ್ನು ಅಷ್ಟು ಸಲಿಗೆಯಿಂದ ನೋಡಿದ ಫೋಟೊಗ್ರಾಫರ್ ಕಮ್ಮಿ.

ದುಡ್ಡು ಕೊಟ್ಟು ಕ್ಯಾಮೆರಾ ತಗೊಳ್ಳೋದು ಆಮೇಲೆ ಇರಲಿ. ಮೊದಲು ಒಂದು ಒಳ್ಳೆ ಭೂತಗನ್ನಡಿ ಮತ್ತು ಮೆತ್ತನೆ ಪೆನ್ಸಿಲ್ ತಗೊಂಡು ನಿಮ್ಮ ಮನೆಯ ಆಲ್ಬಂ ಬಿಚ್ಚಿ. ಅಂಟು ಹಾಳೆ, ಮೇಲೆ ಪ್ಲಾಸ್ಟಿಕ್ ಪರದೆ ಇರೋ ಎಂಬತ್ತರ ದಶಕದ ಆಲ್ಬಂ ಆಗಿದ್ದರೆ ಅವಸರ ಪಡಬೇಡಿ. ಮೊದಲು ಹಾಳೆ ಸಮೇತ ಸ್ಕ್ಯಾನ್ ಮಾಡಿಕೊಂಡು, ಆಮೇಲೆ ಹಲ್ಲಿನ ಸಂದಿ ಶುಚಿ ಮಾಡುವ ದಾರವನ್ನು (ಡೆಂಟಲ್ ಫ್ಲಾಸ್) ಫೋಟೊ ಕೆಳಗೆ ತೂರಿಸಿ ಗರಗಸದ ಹಾಗೆ ನಿಧಾನಕ್ಕೆ ಆಡಿಸಿ ಬಿಡಿಸಿ. ಬಿಡದಿದ್ದರೆ ಹಾಳೆಯನ್ನೇ ಸುತ್ತ ಕತ್ತರಿಸಿ ಎತ್ತಿಡಿ.